ಕೆಂಪು ದಾರದ ಚೀಟಿ

ದೆವ್ವ, ಶಕುನ ಎಂದರೆ ನಗುತ್ತಿದ್ದವನು ನಾನು. ಬಾಗಲಕೋಟೆಯ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು ನಗದೆ ಇನ್ನೇನು ಮಾಡಿಯಾನು? ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಆ ಒಂದು ಮಧ್ಯಾಹ್ನ ನೆನಪಾದರೆ ನಗು ಬರುವುದಿಲ್ಲ.

ಈಗ ಕಂಪ್ಯೂಟರಿನಲ್ಲಿ ತಿದ್ದುವಾಗ ಹೊಡೆದುಹಾಕಿದ ಮಾತೂ ಕೆಂಪು ಗೆರೆ ಹೊತ್ತು ಅಲ್ಲೇ ಉಳಿಯುತ್ತದೆ. ಬೇಕೆಂದರೆ ವಾಪಸ್ ತರಬಹುದು. ಎಂಬತ್ತರ ದಶಕದಲ್ಲೇ ಬಾಗಲಕೋಟೆಯ ವಿದ್ಯಾಗಿರಿ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಆ ಸೌಕರ್ಯವಿತ್ತು. ಅದು ನನ್ನ ಹೆಂಡತಿ ಶಾಂತಾಳ ಸೂಜಿ-ದಾರ. ಅವಳು ಇಳಕಲ್ಲಿನ ನೇಕಾರರ ಮಗಳು. ನಾನು ಬರೆಯುತ್ತಿದ್ದ ಪುಸ್ತಕಗಳ ಹಸ್ತಪ್ರತಿಯಲ್ಲಿ ಏನಾದರೂ ಸರಿಬರದಿದ್ದರೆ ಹೊಸ ಮಾತನ್ನು ಚೀಟಿಯಲ್ಲಿ ಬರೆದು, ಹಳೆಯದರ ಮೇಲಿಟ್ಟು, ಮೇಲಂಚನ್ನು ಕೆಂಪು ದಾರದಿಂದ ಹೊಲಿದುಬಿಡುತ್ತಿದ್ದಳು. ಚೀಟಿ ಎತ್ತಿದರೆ ಕೆಳಗೆ ಹಳೆಯದು ಹಾಗೇ ಇರುತ್ತಿತ್ತು. ಅಚ್ಚಿನ ಮನೆಯವರು ಎಷ್ಟು ನಕ್ಕರೂ ಅವಳು ತನ್ನ ಪದ್ಧತಿ ಬಿಡಲಿಲ್ಲ.

ಆಗ ನಾನು ತೀರಿಹೋದ ನನ್ನ ಅವ್ವನ ಬಗ್ಗೆ ಒಂದು ಪುಸ್ತಕ ಬರೆದಿದ್ದೆ. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಬಾದಾಮಿ ಹತ್ತಿರದ ನಮ್ಮೂರಿಗೆ ನನ್ನ ಪತ್ರ ಬಂದರೆ ಕಟ್ಟೆಯ ಮೇಲೆ ಕೂತು, ಅದನ್ನು ತಲೆಕೆಳಗಾಗಿ ಹಿಡಿದು, ಓಣಿಯ ಹೆಂಗಸರಿಗೆ ತನಗೆ ತೋಚಿದ್ದನ್ನು ಓದಿ ಹೇಳುತ್ತಿದ್ದಳು. ಅವಳು ಓದುವ ಪತ್ರದಲ್ಲಿ ನಾನು ಯಾವಾಗಲೂ ಹೊಟ್ಟೆ ತುಂಬ ಉಂಡಿರುತ್ತಿದ್ದೆ. ಇದನ್ನು ಬರೆಯುವಾಗ ಅತ್ತಿದ್ದೆ. ಅಚ್ಚಿಗೆ ಕೊಡುವ ಹೊತ್ತಿಗೆ ಮಾತ್ರ ಅಂಜಿಕೆಯಾಯಿತು. ಅವಳು ಜೀವಮಾನವಿಡೀ ಮುಚ್ಚಿಟ್ಟದ್ದನ್ನು ಮಗನೇ ಬಯಲಿಗೆ ಎಳೆಯುವುದೇ?

“ಅದನ್ನ ತಗೀಬ್ಯಾಡ್ರಿ,” ಎಂದಳು ಶಾಂತಾ. “ಅತ್ತಿಯವರು ಖರೇನ ಅದರಾಗ ಅದಾರ.” ಇಷ್ಟು ಹೇಳಿ, ಬಸುರಿ ತಂಗಿಯ ಕುಬಸದ ಶಾಸ್ತ್ರಕ್ಕೆ ಇಳಕಲ್ಲಿನ ಬಸ್ಸು ಹತ್ತಿದಳು.

ಮರುದಿನ ಮಧ್ಯಾಹ್ನ ಒಬ್ಬನೇ ಕೂತು, ಮನಸ್ಸು ಗಟ್ಟಿಮಾಡಿ, ಆ ಭಾಗದ ಮೇಲೆ ಅಡ್ಡಗೆರೆ ಎಳೆದೆ. ಎಳೆದ ಮೇಲೆ ಕಸಿವಿಸಿಯಾಗಿ ಚಹಾ ಮಾಡಿಕೊಳ್ಳಲು ಅಡುಗೆಮನೆಗೆ ಹೋದೆ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹಿತ್ತಲ ಬಾಗಿಲು ನನ್ನ ಕಣ್ಣೆದುರಿಗೇ ಇತ್ತು. ಕಪ್ಪು ಹಿಡಿದು ವಾಪಸ್ ಬಂದರೆ, ಆ ಗೆರೆಯನ್ನು ಮುಚ್ಚಿ ಒಂದು ಚೀಟಿ ಕೂತಿತ್ತು. ಮೇಲಂಚಿಗೆ ಕೆಂಪು ದಾರದ ಹೊಲಿಗೆ. ಚೀಟಿಯಲ್ಲಿ ಒಂದಕ್ಷರವೂ ಇರಲಿಲ್ಲ.

ಹೆದರಿದೆ ಎಂದರೆ ಸುಳ್ಳಾಗುತ್ತದೆ. ಸಣ್ಣವನಿದ್ದಾಗ ಜ್ವರ ಬಂದರೆ ಅವ್ವ ಹಣೆಯ ಮೇಲೆ ಕೈ ಇಡುತ್ತಿದ್ದಳಲ್ಲ, ಹಾಗನಿಸಿತು. ಚಹಾ ಅಲ್ಲೇ ಆರಿಹೋಯಿತು.

ಶಾಂತಾ ಬಂದ ಮೇಲೆ, ಹೋಗುವ ಮುಂಚೆ ನೀನೇ ಹೊಲಿದಿದ್ದೆಯಾ ಎಂದು ಕೇಳಿದೆ. ಅಲ್ಲವೆಂದು ನನಗೇ ಗೊತ್ತಿತ್ತು. ಚೀಟಿಯ ಕೆಳಗಿನ ಗೆರೆ ಅವಳು ಹೋದಮೇಲೆ ಎಳೆದದ್ದು. ಅವಳು ಮಂಚದ ಮೇಲಿನ ಕೌದಿಯನ್ನು ತಂದು ಹಾಳೆಯ ಪಕ್ಕ ಹರವಿದಳು. ಅದು ಅವ್ವ ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿ. ಅವ್ವನದು ಎಡಗೈ, ಎಡತುದಿಗೆ ಗಂಟು ಹಾಕಿ ಬಲಕ್ಕೆ ಹೊಲಿಯುತ್ತಿದ್ದಳು. ಚೀಟಿಯ ಗಂಟೂ ಎಡಕ್ಕಿತ್ತು.

“ನನ್ನ ಗಂಟು ಬಲಕ್ಕ ಇರತೈತ್ರಿ,” ಎಂದಳು ಶಾಂತಾ. ಖಾಲಿ ಚೀಟಿಯ ಮೇಲೆ ಮೆಲ್ಲಗೆ ಕೈಯಾಡಿಸಿದಳು. “ಬರಿಯಾಕ ಬರ್ತಿದ್ದಿಲ್ಲಲ್ರಿ ಅವರಿಗೆ.”

ಈ ಮಾತು ಬೇಡವೆಂದು ಅವ್ವ ಮುಚ್ಚಿದಳೋ, ಹೊಡೆದುಹಾಕಬೇಡವೆಂದು ಗೆರೆಯನ್ನೇ ಮುಚ್ಚಿದಳೋ, ತಿಳಿಯಲಿಲ್ಲ. ಪುಸ್ತಕದಲ್ಲಿ ಆ ಜಾಗವನ್ನು ಖಾಲಿ ಬಿಡಿಸಿದೆ. ಓದಿದವರು ಅಚ್ಚಿನ ತಪ್ಪು ಎಂದುಕೊಂಡರು.

ಇಷ್ಟು ವರ್ಷದ ಮೇಲೆ, ಅಂದು ಅಚ್ಚಾಗದ ಆ ಮಾತನ್ನೇ ಇಲ್ಲಿ ಬರೆದುಬಿಟ್ಟಿದ್ದೇನೆ. ಕಂಪ್ಯೂಟರಿಗೆ ಸೂಜಿ ಚುಚ್ಚಲಾಗದು. ಅದಕ್ಕೇ ಕಾಗದಕ್ಕೆ ಇಳಿಸಿಕೊಂಡು ಮೇಜಿನ ಮೇಲಿಟ್ಟಿದ್ದೇನೆ. ಪಕ್ಕದಲ್ಲಿ ಕೆಂಪು ದಾರವಿದೆ. ಈಗ ಚಹಾ ಮಾಡಿಕೊಳ್ಳಲು ಏಳುತ್ತೇನೆ.