ನಾವು ಎತ್ತಿದ ಸವಾರ

ಮೂಡಿಗೆರೆ ಕಡೆಯ ಮಣ್ಣಿನ ಟ್ರ್ಯಾಕುಗಳಲ್ಲಿ ನಮ್ಮಂಥ ಎಷ್ಟೋ ಹುಡುಗರು ಆರಾಧಿಸುತ್ತಿದ್ದ ಬೈಕ್ ರೇಸರ್ ಅವರು. ರೇಸಿಗೆ ಮುನ್ನ ಕೈಗವಸು ಬಿಚ್ಚಿ, ತಿರುವಿನ ಮಣ್ಣನ್ನು ಹಿಡಿಯಲ್ಲಿ ಹಿಂಡಿ ನೋಡುತ್ತಿದ್ದರು. ‘ಹೇಗಿದ್ದೀರಿ?’ ಎಂದು ಕೇಳಿದರೆ, “ಗಾಡಿ ಚೆನ್ನಾಗಿದೆ ಮಾರಾಯ್ರೆ” ಎನ್ನುತ್ತಿದ್ದರು.

ಒಮ್ಮೆ ಜಿಗಿತ ತಪ್ಪಿ ಬಿದ್ದರು. ಆಂಬುಲೆನ್ಸ್ ಇರಲಿಲ್ಲ. ಕಾಫಿ ಮೂಟೆ ಎತ್ತಿ ಪಳಗಿದ್ದ ನಾವು ನಾಲ್ವರು ಅವರನ್ನೂ ಹಾಗೆಯೇ ಕೈಕಾಲು ಹಿಡಿದೆತ್ತಿ ಪಿಕಪ್‌ಗೆ ಹಾಕಿದೆವು. ಮುರಿದ ಬೆನ್ನುಮೂಳೆ ನಾವು ಎತ್ತಿದ್ದರಿಂದ ಇನ್ನಷ್ಟು ಜರುಗಿತ್ತೆಂದು ವೈದ್ಯರು ಗದರಿದರು. ಎರಡು ವರ್ಷ ಊರುಗೋಲು ಹಿಡಿದು ನಡೆದರೂ ಅವರು ನಮಗೆ ಒಂದು ಮಾತೂ ಅನ್ನಲಿಲ್ಲ. ಎತ್ತಿದ್ದು ನಮ್ಮ ತಪ್ಪು; ಆದರೆ ಆಂಬುಲೆನ್ಸ್ ಇಲ್ಲದೆ ರೇಸ್ ನಡೆಸಿದವರನ್ನು ನಾವ್ಯಾರೂ ಪ್ರಶ್ನಿಸಲೇ ಇಲ್ಲ.

ಅವರು ಮರಳಿ ಸ್ಪರ್ಧೆಗಿಳಿದ ದಿನವೂ ಆಂಬುಲೆನ್ಸ್ ಬಂದಿರಲಿಲ್ಲ. ಅವರು ಆರಂಭದ ಗೆರೆಯಲ್ಲಿ ಎಂಜಿನ್ ಆರಿಸಿ ಕುಳಿತರು.

“ದಾರೀಲಿದೆ ಸಾರ್, ಇನ್ನೇನು ಬರುತ್ತೆ. ನೀವು ಶುರು ಮಾಡಿ,” ಎಂದರು ಸಂಘಟಕರು.

“ಬರ್ಲಿ, ಆಮೇಲೆ ಹೊರಡ್ತೀನಿ.”

“ಏನ್ ಸಾರ್, ಹೆದ್ರಿಕೆನಾ?”

“ಹೂಂ, ಹೆದ್ರಿಕೆನೇ. ನಮ್ ಹುಡುಗ್ರಿಗೆ ನನ್ ಮೇಲೆ ಪ್ರೀತಿ ಜಾಸ್ತಿ. ಬಿದ್ರೆ ಓಡಿಬಂದು ಎತ್ತಿಬಿಡ್ತಾರೆ,” ಎಂದು ನಮ್ಮತ್ತ ನೋಡಿ ನಕ್ಕರು.

ಆ ನಗು ಕಂಡ ಮೇಲೆ ಬೇಲಿಯಾಚೆ ನಿಂತಿರಲು ನಮ್ಮಿಂದಾಗಲಿಲ್ಲ. ನಾಲ್ವರೂ ಒಳಗಿಳಿದು ಸಾಲುಗಟ್ಟಿದ್ದ ಬೈಕುಗಳ ಮುಂದೆ ಮಣ್ಣಿನಲ್ಲೇ ಕುಳಿತೆವು. ಸಂಘಟಕರು ಕೂಗಾಡಿದರು. ನಮ್ಮನ್ನು ನೋಡಿ ಇನ್ನಷ್ಟು ಜನ ಬಂದು ಕುಳಿತರು. ಆಂಬುಲೆನ್ಸ್ ಬರುವವರೆಗೆ ಅಂದು ಒಂದು ಬೈಕೂ ಹೊರಡಲಿಲ್ಲ.