ಎರಡನೆಯ ಈಡು

ಅಮೆರಿಕದ ವುಡ್‌ಬ್ರಿಡ್ಜಿನ ಬೇಟೆ ಸಾಮಾನಿನ ಅಂಗಡಿಯಲ್ಲಿ ಮಗ ಕೋವಿಮದ್ದಿನ ಒಂದು ಡಬ್ಬಿ ತೆಗೆದು ಅಲ್ಲಾಡಿಸಿದ. ಒಳಗೆ ಸಾಸಿವೆ ಉರುಳಿದಂಥ ಸದ್ದು. ಕೊಡಗಿನ ನಮ್ಮ ಮನೆಯ ಜಗಲಿಯಲ್ಲಿ ಅಪ್ಪ ಕೇಪಿನ ಕೋವಿಯ ಬಾಯಿಗೆ ಮದ್ದು ಸುರಿಯುವಾಗ ಮದ್ದು ತುಂಬಿದ ಕೊಂಬಿನಿಂದ ಬರುತ್ತಿದ್ದದ್ದು ಇದೇ ಸದ್ದು. ಆ ಜಗಲಿ ಈಗಿಲ್ಲ, ಅಪ್ಪ ಅವ್ವ ಇಲ್ಲ, ಹೋದ ವಾರದಿಂದ ಅಣ್ಣನೂ ಇಲ್ಲ. ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ ಸತ್ತವನಿಗೆ ಕೋವಿ ಹಾರಿಸುವವರು ಯಾರು? ಆ ಕೆಲಸ ಇಲ್ಲಿ ನಾನೇ ಮಾಡಿಸಬೇಕೆಂದು ಹಟ ಹಿಡಿದಿದ್ದೆ.

ನಮ್ಮ ಕಡೆ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು, ಯಾರಾದರೂ ತೀರಿಕೊಂಡರೆ ಎರಡು. ಹೆಣ್ಣು ಹುಟ್ಟಿದರೆ ಕೋವಿಗೆ ಬಾಯೇ ಇರಲಿಲ್ಲ, ಆ ಮಾತು ಬಿಡಿ. ಜೋಡು ನಳಿಗೆಯ ಕೋವಿ ಇದ್ದವರ ಮನೆಯಿಂದ ಸಾವಿನ ಸುದ್ದಿ ಒಂದೇ ಉಸಿರಿಗೆ ಬರುತ್ತಿತ್ತು. ಒಂಟಿ ನಳಿಗೆಯವರು ಮತ್ತೆ ಮದ್ದು ಸುರಿದು, ಗಜದ ಕೋಲಿನಿಂದ ಜಡಿದು, ಕಿಡಿ ಹೊತ್ತಿಸುವ ಕೇಪು ಕೂರಿಸಬೇಕಿತ್ತು. ಆಚೆ ಗುಡ್ಡದಲ್ಲಿ ಮೊದಲ ಈಡು ಕೇಳಿದೊಡನೆ ಅವ್ವ ಕಡುಬಿನ ಹಿಟ್ಟಿನಲ್ಲಿ ಕೈಯಿಟ್ಟಂತೆಯೇ ನಿಂತುಬಿಡುತ್ತಿದ್ದಳು. ಹಬೆ ಏಳುತ್ತಿತ್ತು, ಸೌದೆ ಚಟಪಟ ಅನ್ನುತ್ತಿತ್ತು, ಎರಡನೆಯದು ಬರುತ್ತದೋ ಎಂದು ಎಲ್ಲರೂ ಕಾಯುತ್ತಿದ್ದೆವು. ಅಣ್ಣನೊಬ್ಬ, "ಮಗುವೇ ಅವ್ವಾ, ನೋಡ್ತಿರು" ಅನ್ನುತ್ತಿದ್ದ. "ನಿನ್ನ ಬಾಯಿಗೆ ಸಕ್ಕರೆ ಹಾಕ" ಅನ್ನುತ್ತಿದ್ದಳು ಅವ್ವ, ಕಿವಿಯೆಲ್ಲ ಗುಡ್ಡದ ಕಡೆಗೇ. ಎಷ್ಟು ಸಲ ಎರಡನೆಯದು ಕೇಳಿಸಿದರೂ ಮುಂದಿನ ಸಲ ಅಣ್ಣನದು ಅದೇ ಮಾತು. ಪೆದ್ದ ಎಂದು ನಾನು ಅಣಕಿಸುತ್ತಿದ್ದೆ, ಒಳಗೊಳಗೇ ಅವನನ್ನೇ ನಂಬುತ್ತಿದ್ದೆ.

ಅಂಗಡಿಯಲ್ಲಿ ಹಳೆಯ ಕಪ್ಪು ಮದ್ದು ಇರಲಿಲ್ಲ. ಅದರ ಬದಲಿಗೆ ಬಳಸುವ ಹೊಸ ಮದ್ದುಗಳು ಮಾತ್ರ. ಒಂದು ಬಿಡಿ ಕಾಳಿನದು, ಇನ್ನೊಂದು ಗುಳಿಗೆ. "ಅಮ್ಮ, ಪೆಲೆಟ್ಸ್ ತಗೊಳೋಣ. ಅಳೆಯೋದೇ ಬೇಡ, ರೀಲೋಡಿಂಗ್ ಸೂಪರ್ ಫಾಸ್ಟ್," ಎಂದ ಮಗ. ಪ್ರತಿವರ್ಷ ಇಂಥದೇ ಕೇಪಿನ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುವವನು, ಅವನ ಲೆಕ್ಕ ಸರಿಯೇ.

"ಬಿಡಿ ಮದ್ದೇ ಇರ್ಲಿ," ಎಂದೆ.

"ವೈ? ಇಟ್ಸ್ ಸೋ ಸ್ಲೋ."

"ಅದಕ್ಕೇ ಕಣೋ."

ಶೂಟಿಂಗ್ ರೇಂಜಿನಲ್ಲಿ ಆಕಾಶಕ್ಕೆ ಹಾರಿಸುವಂತಿಲ್ಲ. ಮಗ ಎದುರಿನ ಮಣ್ಣಿನ ದಿಬ್ಬಕ್ಕೆ ಮೊದಲ ಈಡು ಹೊಡೆದ. ಬಿಳಿ ಹೊಗೆ ನಿಧಾನವಾಗಿ ಮೇಪಲ್ ಮರಗಳ ಕಡೆ ಸರಿಯಿತು. ಅವನು ಮದ್ದು ಅಳೆದ, ಸುರಿದ, ಗುಂಡಿಟ್ಟು ಗಜ ಇಳಿಸಿದ. ಅಷ್ಟು ಹೊತ್ತೂ ಎಲ್ಲೋ ಒಂದು ಮಗು ಹುಟ್ಟಿತ್ತು, ಯಾರೂ ಸತ್ತಿರಲಿಲ್ಲ. ಮಗ ಕೇಪು ಕೂರಿಸಿ ನನ್ನ ಕಡೆ ತಿರುಗಿದ.

"ರೆಡಿ ಅಮ್ಮ. ಹೊಡೀಲಾ?"

ಅಣ್ಣನ ಬೂದಿಯನ್ನು ಆಗಲೇ ಕಾವೇರಿಯಲ್ಲಿ ಬಿಟ್ಟಾಗಿತ್ತು. ಆದರೂ ಅವನನ್ನು ಕಳಿಸಿಕೊಡುವ ಮಾತು ನನ್ನ ಬಾಯಿಂದಲೇ ಬರಬೇಕಿತ್ತು.

ಹೊಡಿ ಎಂದೆ.