ಹೆಬ್ಬೆರಳಿನ ಪರೀಕ್ಷೆ

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ವರ್ಲೀನ್ ಸ್ಟುಕನ್‌ಹೋಲ್ಟ್ಸ್ ಅಡುಗೆಮನೆಯ ಮೇಜಿನ ಮುಂದೆ ಕೂತು ಮಾರ್ಲಾ ವೊಂದ್ರಾ ಎಂಬ ಹುಡುಗಿಗೆ ಏಳನೆಯ ಕಾಗದ ಬರೆಯುತ್ತಿದ್ದಳು. ಹಿಂದಿನ ಆರಕ್ಕೂ ಉತ್ತರವಿಲ್ಲ.

ನೆಬ್ರಾಸ್ಕಾದ ಆ ಸಣ್ಣ ಕಾಲೇಜಿನಲ್ಲಿ ವರ್ಲೀನ್ ಹತ್ತೊಂಬತ್ತು ವರ್ಷದಿಂದ ಹುಡುಗಿಯರ ವಾಲಿಬಾಲ್ ತಂಡದ ಸಹಾಯಕ ಕೋಚ್. ಹೈಸ್ಕೂಲು ಆಟಗಾರ್ತಿಯರನ್ನು ತಂಡಕ್ಕೆ ಕರೆಯುವ ಕಾಗದಗಳೆಲ್ಲ ಅವಳ ಕೈಯವೇ. ಪ್ರತಿಯೊಂದರಲ್ಲೂ ತಾನು ಕಣ್ಣಾರೆ ಕಂಡ ಒಂದು ಸಂಗತಿ ಇರಬೇಕು, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ. ಮಾರ್ಲಾ ಚೆಂಡು ಎತ್ತಿಕೊಡುವ ಮೊದಲು ಯಾರ ಕಡೆಗೆ ಕೊಡುತ್ತಾಳೆಂದು ಅವಳ ಭುಜ ಎಂದೂ ಸುಳಿವು ಕೊಡುವುದಿಲ್ಲ. ಅಂಥವಳು ಸಿಗದಿದ್ದರೆ ಬರುವ ವರ್ಷದ ತಂಡಕ್ಕೆ ಬೆನ್ನೆಲುಬೇ ಇಲ್ಲ.

"ಆರು ಕಾಗದ ಆಯ್ತು, ಬಿಟ್ಟಾಕು ವರ್ಲೀನ್. ಅವ್ಳು ಬೇರೆ ಕಡೆ ಮನಸು ಮಾಡಿದಾಳೆ," ಎಂದ ಅಂದು ಕಾಲೇಜಿನಲ್ಲಿ ಮುಖ್ಯ ಕೋಚ್ ರೇ ಡಾರ್ಶ್.

"ಇರ್ಬಹುದು. ಆದ್ರೆ ಬೇಡ ಅನ್ನೋರೂ ಒಂದು ಸಾಲು ಬರೀತಾರಲ್ಲ. ಇವ್ಳು ಯಾಕೆ ಬರೀಲಿಲ್ಲ ಅಂತ ತಿಳ್ಕೋಬೇಕು ನಂಗೆ."

ಏಳನೆಯದನ್ನು ಅಂಚೆಗೆ ಹಾಕದೆ ಕೋಟಿನ ಜೇಬಿನಲ್ಲಿಟ್ಟುಕೊಂಡು, ಶನಿವಾರ ಹಿಮದಲ್ಲೇ ಮಾರ್ಲಾಳ ಮನೆಗೆ ಕಾರು ಓಡಿಸಿಕೊಂಡು ಹೋದಳು.

ಬಾಗಿಲು ತೆರೆದವನು ಮಾರ್ಲಾಳ ತಾತ ಎಮಿಲ್. ಹಳ್ಳಿಗಳಿಗೆ ಅಂಚೆ ಹಂಚಿ ನಿವೃತ್ತನಾದವನು. ಗಸಗಸೆ ತುಂಬಿದ ಕೊಲಾಚೆ ಎಂಬ ಸಿಹಿ ಬನ್ನುಗಳನ್ನು ಮುಂದಿಟ್ಟ ಮೇಲೆ ವಿಷಯಕ್ಕೆ ಬಂದ.

"ಮೊದಲ್ನೇ ಕಾಗದ ಬಂತಮ್ಮ. ಹೆಬ್ಬೆರಳಿಗೆ ಎಂಜಲು ಹಚ್ಚಿ ಸಹಿ ಮೇಲೆ ಉಜ್ಜಿದೆ. ಒಂಚೂರೂ ಅಳಿಸ್ಲಿಲ್ಲ. ಯಂತ್ರ ಅಚ್ಚು ಹಾಕಿದ್ದು ಅಂತ ಗೊತ್ತಾಯ್ತು."

"ಒಳಗೆ ಓದ್ಲಿಲ್ವಾ?"

"ಮಿಕ್ಕಿದ್ದು ಒಡೀಲೇ ಇಲ್ಲ, ಕೋಚ್," ಎಂದಳು ತಾತನ ಪಕ್ಕ ಕೂತಿದ್ದ ಮಾರ್ಲಾ, ತಲೆ ತಗ್ಗಿಸಿ. ಐದು ಲಕೋಟೆಗಳು ಫ್ರಿಜ್ಜಿನ ಮೇಲೆ ಹಾಗೇ ಇದ್ದವು.

ಕಾಲೇಜುಗಳಿಂದ ಬರುವ ಕಾಗದಗಳಿಗೆ ಆ ಕಡೆಯ ಮನೆಗಳಲ್ಲೆಲ್ಲ ಇದೇ ಪರೀಕ್ಷೆ. ಶಾಯಿ ಕದಡಿದರೆ ಮನುಷ್ಯ, ಕದಡದಿದ್ದರೆ ಯಂತ್ರ. ವರ್ಲೀನಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಈ ಚಳಿಗಾಲ ಪೆನ್ನು ಬದಲಿಸಿದ್ದಳು.

"ಹೋದ ವರ್ಷ ಹಿಮ ಕರಗಿ ನನ್ನ ಕಾಗದ ಎಲ್ಲ ನೀಲಿ ನೀರಾಗಿ ತಲುಪಿದ್ವು. ಅದಕ್ಕೇ ನೀರಿಗೆ ಹೋಗದ ಶಾಯಿ ತಗೊಂಡೆ."

ಎಮಿಲ್ ನಗತೊಡಗಿದ. "ನನ್ ಚೀಲದಲ್ಲಿ ಎಷ್ಟು ಪ್ರೇಮಪತ್ರ ಹಾಗೆ ಹಾಳಾದ್ವೋ! ಒಳ್ಳೇ ಪೆನ್ನು ತಗೊಳ್ರಪ್ಪ ಅಂತ ಊರೂರಲ್ಲಿ ಬೈದವ್ನು ನಾನೇ. ತಗೊಂಡೋಳ್ನ ನಂಬ್ಲಿಲ್ಲ ನೋಡು."

ವರ್ಲೀನ್ ಜೇಬಿನ ಕಾಗದವನ್ನು ಮೇಜಿನ ಮೇಲಿಟ್ಟಳು. ಮಾರ್ಲಾ ಓದಿದಳು. ಆಮೇಲೆ ಎದ್ದು ಹೋಗಿ ಉಳಿದ ಐದನ್ನೂ ಒಂದೊಂದಾಗಿ ಒಡೆದಳು. ಮೂರನೆಯದಕ್ಕೆ ಬಂದಾಗ ಅವಳ ಕೈ ತನಗರಿವಿಲ್ಲದೆ ಭುಜ ಮುಟ್ಟಿಕೊಂಡಿತು.

ಎಮಿಲ್ ಮಾತ್ರ ಸುಲಭಕ್ಕೆ ಬಿಡುವವನಲ್ಲ. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಹೋದ ವರ್ಷ ಹಿಂಗೆ ಎಷ್ಟು ಕಾಗದ ಬರೆದೆ?"

ಸಣ್ಣ ಸಂಖ್ಯೆ ಹೇಳಿದರೆ ಹುಡುಗಿಗೆ ಖುಷಿಯಾಗುತ್ತದೆ, ನಿಜ ಹೇಳಿದರೆ ಕೈತಪ್ಪಬಹುದು. ವರ್ಲೀನ್ ಕಾಫಿ ಲೋಟ ಕೆಳಗಿಟ್ಟು ಇದ್ದದ್ದನ್ನೇ ಹೇಳಿದಳು. ಮಾರ್ಲಾ ಒಡೆದ ಕಾಗದಗಳನ್ನು ಮಡಿಚಿ ಲಕೋಟೆಗಳಿಗೆ ಮರಳಿ ಸೇರಿಸಿದಳು. ವಾಪಸು ಬರುವಾಗ ದಾರಿಯುದ್ದಕ್ಕೂ ವರ್ಲೀನಳಿಗೆ ತಾನು ಹೇಳಿದ ಆ ಸಂಖ್ಯೆಯದ್ದೇ ಯೋಚನೆ.

ಆಗಸ್ಟಿನಲ್ಲಿ ಮಾರ್ಲಾ ಬಂದಳು. ದೊಡ್ಡ ಕಾಲೇಜುಗಳನ್ನು ಬಿಟ್ಟು ಇಲ್ಲಿಗೇಕೆ ಬಂದೆ ಎಂದು ಕೋಣೆಯ ಗೆಳತಿ ಕೇಳಿದಾಗ, ಷೂ ದಾರ ಕಟ್ಟುತ್ತಲೇ ಹೇಳಿದಳು: "ಬೇರೆ ಕೋಚ್‌ಗಳೆಲ್ಲ ನಿಂಗೊಬ್ಳಿಗೇ ಬರೆದಿದ್ದು ಅಂತಿದ್ರು. ಎಷ್ಟು ಕಾಗದ ಬರೆದೆ ಅಂತ ನಮ್ಮ ತಾತ ಕೇಳ್ದಾಗ ವರ್ಲೀನ್ ಕೋಚ್ ಒಬ್ರೇ ನಿಜ ಹೇಳಿದ್ದು. ನಾನೂರ ಹನ್ನೆರಡು."